ಗಾಡಿ ಕೇಳಾಕತ್ತೈತಿ

ಮೊದಲೇ ಹೇಳಿ ಹಗುರಾಗಿಬಿಡುತ್ತೇನೆ. ಸದ್ದೇ ಇಲ್ಲದ ಕಾರಿನೊಳಗೆ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಿಂದ ಡೀಸೆಲ್ ಇಂಜಿನ್ನಿನ ಸದ್ದು ಮಾಡುತ್ತ ತಿಳವಳ್ಳಿಯ ಓಣಿ ಓಣಿ ತಿರುಗಿದ ಶಾಣ್ಯಾ ಬೇರೆ ಯಾರೂ ಅಲ್ಲ, ನಾನೇ. ಯಾರದೋ ಕತೆ ಎಂಬಂತೆ ಹೇಳಿ, ನಿಮ್ಮನ್ನು ನಗಿಸಿ, ಕಡೆಗೆ ಮೆಲ್ಲಗೆ ಜಾರಿಕೊಳ್ಳಬಹುದಿತ್ತು. ಆದರೆ ನಮ್ಮೂರಿನವರು ಯಾರಾದರೂ ಇದನ್ನು ಓದಿದರೆ ಎರಡನೇ ಸಾಲಿಗೇ ನನ್ನ ಮರ್ಯಾದೆ ತೆಗೆಯುತ್ತಾರೆ. ಅವರಿಗ್ಯಾಕೆ ತ್ರಾಸು, ನಾನೇ ತೆಗೆದುಕೊಂಡೆ.

ಇವತ್ತು ಅದೆಲ್ಲ ನೆನಪಾದದ್ದು ಕಷಾಯದ ವಾಸನೆಗೆ. ನಿನ್ನೆ ಶಿಗ್ಗಾವಿಯ ಮದುವೆಯೊಂದರಲ್ಲಿ ಮಿಮಿಕ್ರಿ ಮಾಡಿ ಬಂದೆ. ಹಾನಗಲ್ಲಿನ ಪೇಟೆಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಹಗಲೆಲ್ಲ ಮಂದಿಯ ಫೋನಿಗೆ ಕವರು ಹಾಕುತ್ತೇನೆ, ಯಾರಾದರೂ ಮೈಕು ಕೊಟ್ಟರೆ ಕಲಾವಿದನಾಗುತ್ತೇನೆ. ಬೀಗರ ದನಿ, ಕಂಡಕ್ಟರನ ದನಿ, ಮೈಕಿನವನದೇ ದನಿ, ಎಲ್ಲ ತೆಗೆದು ಮುಂಜಾನೆ ಎದ್ದು ನೋಡಿದರೆ ನನ್ನ ದನಿಯೊಂದೇ ಇಲ್ಲ. ಅಕ್ಕ ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯದ ಗ್ಲಾಸನ್ನು ಕಟ್ಟೆಯ ಮೇಲೆ ಕುಕ್ಕಿ, "ಕುಡಿ. ಇಂಜಿನ್ ಬೋರಿಗೆ ಬಂದೈತಿ ನಿಂದು" ಎಂದು ಹೇಳಿ ಒಳಗೆ ಹೋದಳು.

ಇಂಜಿನ್ ಒಳಗೊಳಗೇ ಸವೆದು, ಹೊಗೆ ಕಾರುತ್ತ, ಏರಿನಲ್ಲಿ ಏದುಸಿರು ಬಿಡತೊಡಗಿದರೆ ನಮ್ಮ ಕಡೆ 'ಬೋರಿಗೆ ಬಂತು' ಅನ್ನುತ್ತಾರೆ. ತಮಾಷೆ ಏನೆಂದರೆ, ಹಾಗೆ ಹೇಳಿ ಹೋದ ಅಕ್ಕನ ಕಾರಿಗೆ ಇಂಜಿನ್ನೇ ಇಲ್ಲ. ಅದು ಕರೆಂಟಿನ ಕಾರು. ಗಾಡಿ ಹೋದರೂ ಗಾಡಿಯ ಮಾತು ಹೋಗುವುದಿಲ್ಲ ನೋಡಿ. ಕೂಡಲಿಕ್ಕೆ ಇಂಜಿನ್ ಸಿಗದಿದ್ದರೆ ಬಂದು ಮನುಷ್ಯರ ಮೈಮೇಲೆ ಕೂಡುತ್ತದೆ. ಅಪ್ಪ ಈಗ ಜ್ವರ ಬಂದು ಮಲಗಿದರೆ "ರಿಜರ್ವಿಗೆ ಬಂದೇನಿ" ಅನ್ನುತ್ತಾನೆ. ನಾನು ಕೆಲಸವಿಲ್ಲದೆ ಕೂತದ್ದು ಕಂಡರೆ "ನ್ಯೂಟ್ರಲ್‌ನ್ಯಾಗ ಅದಾನ" ಅನ್ನುತ್ತಾನೆ. ಗೇರೇ ಇಲ್ಲದ ಕಾರು ಅಂಗಳದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತದೆ.

ಅಪ್ಪನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ತಿಳವಳ್ಳಿ–ಹಾನಗಲ್ ಲೈನಿನ ಜೀಪಿನವನು. ಲೈನ್ ಎಂದರೆ ಬರೀ ರಸ್ತೆ ಎಂದುಕೊಳ್ಳಬೇಡಿ. ರಸ್ತೆ ಸರಕಾರದ್ದು, ಲೈನ್ ಅಪ್ಪನದು. ದಿನಾ ಮುಂಜಾನೆ ಅದೇ ಮಂದಿ, ಅದೇ ಜಾಗ, 'ಇವನ ಗಾಡಿ ಹತ್ತಿದರೆ ಮುಟ್ಟುತ್ತೇವೆ' ಎಂಬ ನಂಬಿಗೆ, ಇಷ್ಟೂ ಸೇರಿದರೆ ಒಂದು ಲೈನ್. ಹೊಲ ಇದ್ದವರು ಹೊಲದ ಬಗ್ಗೆ ಮಾತಾಡುವ ಹಾಗೆ ಅಪ್ಪ ಲೈನಿನ ಬಗ್ಗೆ ಮಾತಾಡುತ್ತಿದ್ದ.

ಆ ಜೀಪಿನ ದನಿಯೋ! ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ಖರ್‌ರ್, ಆಮೇಲೆ ಧಡಧಡಧಡ, ಎರಡನೇ ಗೇರಿಗೆ ಬೀಳುವಾಗ ಒಂದು ಕೆಮ್ಮು. ಆ ಕೆಮ್ಮು ಬೇರೆ ಯಾವ ಜೀಪಿಗೂ ಇರಲಿಲ್ಲ. ಹೀಗೆ ಊರೆಲ್ಲ ಎಬ್ಬಿಸುವ ಗಾಡಿಯ ಹೊಟ್ಟೆಯ ಕೆಳಗಿದ್ದ ಕೊಳವೆಗೆ ಸೈಲೆನ್ಸರ್ ಎಂಬ ಹೆಸರಿತ್ತು ಎಂಬುದು ನನಗೆ ಇವತ್ತಿಗೂ ನಗು ತರಿಸುವ ಸಂಗತಿ. ನಾನು ಮಾತು ಕಲಿಯುವ ಮೊದಲು ಕಲಿತದ್ದು ಆ ದನಿಯನ್ನು. ಅವ್ವ ಹೇಳುವ ಪ್ರಕಾರ ನಾನು ಮೊದಲ ಸಲ 'ಅವ್ವ' ಅನ್ನಲಿಲ್ಲ, 'ಖರ್‌ರ್' ಅಂದೆ.

ನಮ್ಮ ಓಣಿಗಳಲ್ಲಿ 'ಗಾಡಿ ಬಂತು' ಎಂದು ಯಾರೂ ಅನ್ನುತ್ತಿರಲಿಲ್ಲ. 'ಗಾಡಿ ಕೇಳಾಕತ್ತೈತಿ' ಅನ್ನುತ್ತಿದ್ದರು. "ಗಾಡಿ ಕೇಳಾಕತ್ತೈತಿ, ಬುತ್ತಿ ಕಟ್ಟು." "ಇನ್ನೂ ಕೇಳವಲ್ದು, ಇನ್ನೊಂದು ರೊಟ್ಟಿ ಹಾಕು." ಜೀಪಿಗೆ ಟೈಮು ಎಂಬುದೇ ಇರಲಿಲ್ಲ. ಚಳಿಗಾಲದಲ್ಲಿ ನಾಲ್ಕು ಮಂದಿ ನೂಕಿದರೆ ಒಂದು ಹೊತ್ತು, ನೂಕಲು ಮಂದಿ ಸಿಗದಿದ್ದರೆ ಇನ್ನೊಂದು ಹೊತ್ತು. ಹಾಗಾಗಿ ಮಂದಿ ಗಡಿಯಾರ ನೋಡುತ್ತಿರಲಿಲ್ಲ, ಕಿವಿ ತೆರೆದು ಇಡುತ್ತಿದ್ದರು. ಜೀಪು ತಿರುವಿನಲ್ಲಿ ಕೆಮ್ಮಿತೆಂದರೆ ಸಾಕು, ಬಾಯಿ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಪ್ಪ ಯಾರ ಮನೆಯ ಮುಂದೆಯೂ ಹಾರ್ನ್ ಬಾರಿಸಿದವನಲ್ಲ. "ಮಂದಿ ಮನಿ ಮುಂದ ಹಾರ್ನ್ ಹೊಡಿಯೂದಂದ್ರ ಬಾಗಲಾ ಒದ್ದಂಗ" ಎಂಬುದು ಅವನ ಕಾಯಿದೆ.

ಆಮೇಲೆ ಒಂದು ಮಳೆಗಾಲದಲ್ಲಿ ಜೀಪು ಬೋರಿಗೆ ಬಂತು, ಅಪ್ಪನ ಕಣ್ಣಿಗೆ ಪೊರೆ ಬಂತು. ಕಣ್ಣಿಗೆ ಆಪರೇಷನ್ ಆಯಿತು, ಹತ್ತಿರದ್ದು ಕಾಣತೊಡಗಿತು, ದೂರದ್ದು ಮಸುಕಾಗಿಯೇ ಉಳಿಯಿತು. ಜೀಪಿಗೆ ಆಪರೇಷನ್ ಮಾಡುವವರು ಸಿಗಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಿಂತಿತು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಲೈನ್ ಯಾರಿಗೆ ಎಂಬ ಪ್ರಶ್ನೆ ಬಂದಾಗ ಮಂದಿ ನನ್ನ ಕಡೆ ನೋಡಿದರು. ನನಗೆ ಜೀಪಿನ ದನಿ ತೆಗೆಯಲು ಬರುತ್ತಿತ್ತೇ ಹೊರತು ಜೀಪು ತೆಗೆಯಲು ಬರುತ್ತಿರಲಿಲ್ಲ. ಕಲಿಯಲು ಹೋದ ಮೊದಲ ದಿನವೇ ಬೇವಿನ ಮರಕ್ಕೆ ಗುದ್ದಿದ್ದೆ. ಗುರುತು ಇನ್ನೂ ಇದೆ, ಮರಕ್ಕೂ ನನಗೂ.

ಅಕ್ಕ ಗಿರಿಜಾ ಹಾಗಲ್ಲ. ಕಾಲೇಜು ಓದುವಾಗಲೇ ಅಪ್ಪನ ಪಕ್ಕ ಕೂತು ಹಾಫ್ ಕ್ಲಚ್ಚಿನಲ್ಲಿ ಜೀಪನ್ನು ಏರಿನ ಮೇಲೆ ನಿಲ್ಲಿಸಿದವಳು. ಹಾನಗಲ್ಲಿನ ಬಟ್ಟೆ ಅಂಗಡಿಯ ಕೆಲಸ ಬಿಟ್ಟು, "ಲೈನ್ ನಾ ನಡಸ್ತೇನಿ" ಎಂದಳು. ಒಂದು ದಿನ ಬಿಳಿ ಬಣ್ಣದ ಕರೆಂಟಿನ ಕಾರು ಅಂಗಳಕ್ಕೆ ಬಂತು. ಬಂತು ಅಂದೆ, ಬಂದದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವ್ವ ಕಸ ಗುಡಿಸುತ್ತ ಹಿಂದಕ್ಕೆ ಸರಿದವಳು ಅದರ ಬಾನೆಟ್ಟಿನ ಮೇಲೆಯೇ ಕೂತಳು.

ಇನ್ನು ಆ ಕಾರಿಗೆ ಹೆಸರುಗಳನ್ನು ಹುಡುಕುವ ಕೆಲಸ. ಕಂಪನಿಯವರು ಬೇಕಾದಷ್ಟು ಮಾತು ಕೊಟ್ಟು ಕಳಿಸಿದ್ದರು. ನಮ್ಮ ಮಂದಿ ಅದರಲ್ಲಿ ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ವಾಪಸ್ಸು ಕೊಟ್ಟರು. ಮೊದಲು 'ಎಣ್ಣಿ ಹಾಕ್ಸೀ ಏನು?' ಎಂದು ಕೇಳುತ್ತಿದ್ದರು. ಈಗ ಎಣ್ಣೆ ಎಲ್ಲಿಂದ ಬರಬೇಕು? ಚಾರ್ಜ್ ಎಂಬ ಮಾತು ಮೊಬೈಲಿನಿಂದ ಬಂದಿತ್ತಾದರೂ ನಾಲ್ಕು ಗಾಲಿಯ ಇಷ್ಟು ದೊಡ್ಡ ಜೀವಕ್ಕೆ ಅದು ಸಣ್ಣದಾಯಿತು. ಸಮಸ್ಯೆ ಬಗೆಹರಿಸಿದವಳು ಗೌರಜ್ಜಿ. ಸವಣೂರಿನಿಂದ ಮುಂಜಾನೆಯ ಬಸ್ಸಿಗೆ ಬರುವ ವೀಳ್ಯದೆಲೆಯ ಪೆಂಡಿಗಳನ್ನು ಇಳಿಸಿಕೊಂಡು ಹಾನಗಲ್ ಪೇಟೆಯಲ್ಲಿ, ನನ್ನ ಅಂಗಡಿಯ ಎದುರಿಗೇ, ಮಾರಲು ಕೂಡುವವಳು. ಅಪ್ಪನ ಲೈನಿನ ಎಲ್ಲರಿಗಿಂತ ಹಳೆಯ ಪ್ಯಾಸೆಂಜರು. ಗೋಡೆಯಿಂದ ಕಾರಿಗೆ ಎಳೆದ ವಯರನ್ನು ನೋಡಿ, "ಮೇಯಾಕ ಕಟ್ಟೀ ಏನವಾ ಗಾಡೀನ?" ಎಂದಳು. ಮುಗಿಯಿತು. ಅಂದಿನಿಂದ ನಮ್ಮೂರಿನಲ್ಲಿ ಕಾರು ಚಾರ್ಜ್ ಆಗುವುದಿಲ್ಲ, ಮೇಯುತ್ತದೆ. ವಯರು ಹಗ್ಗವಾಯಿತು. ಶಿಗ್ಗಾವಿಯ ಹೈವೇ ಪಕ್ಕದ ಚಾರ್ಜಿಂಗ್ ಪಾಯಿಂಟು ಗೋಮಾಳವಾಯಿತು. ಇಳುಕಲಿನಲ್ಲಿ ಬ್ರೇಕು ಹಿಡಿದರೆ ಖರ್ಚಾದ ಕರೆಂಟಿನಲ್ಲಿ ಒಂದಷ್ಟು ತಿರುಗಿ ಬ್ಯಾಟರಿಗೆ ಬರುತ್ತದೆ ಎಂದು ಅಕ್ಕ ವಿವರಿಸಿದಾಗ ಗೌರಜ್ಜಿ ತಲೆ ಆಡಿಸಿ, "ಹ್ಞಾಂ, ಮೆಲಕು ಹಾಕ್ತೈತಿ" ಎಂದಳು. ಇದಕ್ಕಿಂತ ಸರಿಯಾದ ಮಾತನ್ನು ಕಂಪನಿಯ ಯಾವ ಸಾಹೇಬ ಹುಟ್ಟಿಸುತ್ತಾನೆ ಹೇಳಿ.

'ಆವರೇಜ್ ಎಷ್ಟ ಕೊಡ್ತೈತಿ?' ಎಂಬ ಹಳೆಯ ಪ್ರಶ್ನೆಯ ಜಾಗಕ್ಕೆ 'ಎಷ್ಟ ಪರ್ಸೆಂಟ್ ಐತಿ?' ಬಂತು. ಪರ್ಸೆಂಟ್ ಕೇಳಿಸಿಕೊಳ್ಳುವ ಶಿಕ್ಷೆ ಅಲ್ಲಿಯವರೆಗೆ ಶಾಲೆಯ ಹುಡುಗರಿಗೆ ಮಾತ್ರ ಇತ್ತು. ಒಂದು ಮುಂಜಾನೆ ಅಕ್ಕ "ತೊಂಬತ್ತೆರಡು" ಅಂದಾಗ ಅಪ್ಪ ನನ್ನ ಕಡೆ ತಿರುಗಿ, "ಕೇಳಿದೇನು? ನಮ್ಮ ಮನ್ಯಾಗ ಇಷ್ಟ ತಗದದ್ದು ಇದ ಮೊದಲ" ಎಂದ.

ಹೈಬ್ರಿಡ್ ಎಂಬ ಮಾತಿನದು ಬೇರೆಯೇ ಕತೆ. ಹಿರೇಕೆರೂರಿನ ಡಾಕ್ಟರೊಬ್ಬರು ಅರ್ಧ ಎಣ್ಣೆ, ಅರ್ಧ ಕರೆಂಟಿನ ಕಾರು ತಂದು, ಗೋವಿನಜೋಳದ ವ್ಯಾಪಾರಿಯ ಅಂಗಡಿಯ ಮುಂದೆ ನಿಲ್ಲಿಸಿ, "ಇದು ಹೈಬ್ರಿಡ್" ಎಂದು ಹೆಮ್ಮೆಯಿಂದ ಹೇಳಿದರಂತೆ. ಪಾಪ, ಎಲ್ಲಿ ನಿಂತು ಹೇಳುತ್ತಿದ್ದೇನೆ ಎಂಬ ಖಬರು ಅವರಿಗಿರಲಿಲ್ಲ. ಹತ್ತಿ ಹೂವಿಗೆ ಹೂವು ಮುಟ್ಟಿಸಿ, ಹೈಬ್ರಿಡ್ ಬೀಜ ಮಾಡಿ ಮಾಡಿ ಬೆರಳು ಸವೆದ ಮಂದಿ ಅಲ್ಲಿ ಕೂತಿದ್ದರು. ಒಬ್ಬ ಎದ್ದು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಹಂಗಾರ ಗಂಡ ಯಾವುದ್ರಿ ಇದರಾಗ, ಎಣ್ಣಿಯೋ, ಕರೆಂಟೋ?" ಎಂದ. ಇನ್ನೊಬ್ಬ, "ಹೈಬ್ರಿಡ್ ಅಂದಮ್ಯಾಲ ಮುಂದಿನ ವರ್ಸಕ್ಕ ಇದರ ಬೀಜಾ ಹಿಡಿಯಾಕ ಬರೂದಿಲ್ಲ ಬಿಡ್ರಿ, ಮತ್ತ ಹೊಸಾದ ತರಬೇಕು" ಎಂದ. ಡಾಕ್ಟರು ಈಗ ಗಾಡಿಯನ್ನು ದವಾಖಾನೆಯ ಹಿಂದೆ ನಿಲ್ಲಿಸುತ್ತಾರೆ.

ಇರಲಿ, ನಾನು ದಾರಿ ಬಿಟ್ಟೆ. ಅಕ್ಕನ ಮೊದಲ ದಿನಕ್ಕೆ ಬರೋಣ.

ಮುಂಜಾನೆ ಸ್ನಾನ ಮಾಡಿ, ಗಾಲಿಯ ಕೆಳಗೆ ಲಿಂಬಿಹಣ್ಣು ಇಟ್ಟು, ಅಕ್ಕ ಹೊರಟಳು. ಈರಪ್ಪ ಮಾಸ್ತರರ ಮನೆಯ ಮುಂದೆ ನಿಂತಳು, ದವಾಖಾನೆಯ ಸಿಸ್ಟರ ಮನೆಯ ಮುಂದೆ ನಿಂತಳು, ಊರ ಕಡೆಯ ಮನೆ ಗೌರಜ್ಜಿಯದು, ಅಲ್ಲೂ ನಿಂತಳು. ಅಪ್ಪನ ಕಾಯಿದೆಯಂತೆ ಹಾರ್ನ್ ಬಾರಿಸಲಿಲ್ಲ. ಯಾರೂ ಹೊರಗೆ ಬರಲಿಲ್ಲ. ಖಾಲಿ ಕಾರು ಹಾನಗಲ್ಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮಾಸ್ತರರ ಫೋನು ಅಪ್ಪನಿಗೆ: "ಏನ್ರಿ, ಇವತ್ತ ಗಾಡಿ ಬರಲೇ ಇಲ್ಲಲ್ಲಾ?" ಬಂದಿತ್ತಂತಲ್ಲ ಎಂದ ಅಪ್ಪ. "ಎಲ್ಲಿ ಬಂತ್ರೀ? ಕೇಳಲೇ ಇಲ್ಲ!" ಮೂವರೂ ತಂತಮ್ಮ ಮನೆಯೊಳಗೆ ಚಹಾದ ಬಟ್ಟಲು ಹಿಡಿದು, ಸತ್ತ ಜೀಪು ಕೆಮ್ಮಲಿ ಎಂದು ಕಾಯುತ್ತ ಕೂತಿದ್ದರು.

ಅಕ್ಕ, "ನಾಳಿಂದ ಫೋನ್ ಮಾಡ್ತೇನಿ" ಎಂದಳು. ಅಪ್ಪ ಒಪ್ಪಲಿಲ್ಲ. "ಫೋನ್ ಮಾಡಿ ಕರದ್ರ ಅದು ಬಾಡಿಗಿ ಗಾಡಿ ಆತವಾ. ಮಂದಿ ತಾವ ಬಂದು ನಿಂತ್ರ ಲೈನ್." ಅಷ್ಟರಲ್ಲಾಗಲೇ ಹಿರೇಕೆರೂರಿನ ಜೀಪಿನ ಮಾಲಕನೊಬ್ಬ ಅಪ್ಪನ ಲೈನ್ ಕೇಳಿಕೊಂಡು ಎರಡು ಸಲ ಬಂದು ಹೋಗಿದ್ದ. ಅಪ್ಪ ಅವನಿಗೆ ಮಾತು ಕೊಟ್ಟಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. "ಮುಂದಿನ ಸಂತಿ ತನಕ ನೋಡ್ತೇನಿ. ಮಂದಿ ನಿಲ್ಲಲಿಲ್ಲಂದ್ರ ಲೈನ್ ಅವಗ ಕೊಟ್ಟಬಿಡೂದು. ನಿನಗ ಬ್ಯಾರೆ ಏನರ ನೋಡೂಣು" ಎಂದ. ಅಕ್ಕ ಹೋಗಿ ಕಾರನ್ನು ಮೇಯಲು ಕಟ್ಟಿದಳು.

ಆಗ ಹೊಳೆಯಿತು ನನ್ನ ತಲೆಗೆ. ಮಂದಿಗೆ ಬೇಕಾದದ್ದು ಜೀಪಿನ ದನಿ ತಾನೆ? ಅದು ನನ್ನ ಬಾಯಲ್ಲೇ ಇದೆ!

ಮರುದಿನ ಅಕ್ಕನ ಪಕ್ಕದ ಸೀಟಿನಲ್ಲಿ ಕೂತೆ. ನಮ್ಮ ಓಣಿ ದಾಟುವವರೆಗೆ ಸುಮ್ಮನಿದ್ದು, ಮಾಸ್ತರರ ತಿರುವಿಗೆ ಬಂದ ಕೂಡಲೇ ತಲೆ ಹೊರಗೆ ಹಾಕಿ ಶುರುಮಾಡಿದೆ. ಖರ್‌ರ್, ಧಡಧಡಧಡ, ಕೆಮ್ಮು. ಮಾಸ್ತರರು ಬುತ್ತಿ ಹಿಡಿದು ಹೊರಬಂದರು. ಸಿಸ್ಟರು ಬಂದರು. ಗೌರಜ್ಜಿ ಬುಟ್ಟಿ ಎತ್ತಿಕೊಂಡು ಬಂದು, ಕಾರನ್ನು ನೋಡಿ, ನನ್ನನ್ನು ನೋಡಿ, ಮತ್ತೆ ರಸ್ತೆಯ ಆ ಕಡೆ ನೋಡಿ, "ಜೀಪ್ ಎಲ್ಲೋ?" ಎಂದಳು. "ಇದ ಅಜ್ಜಿ, ಹತ್ತರಿ." ಕಾರು ತುಂಬಿತು. ನನ್ನ ಎದೆಯೂ ತುಂಬಿತು. ಹಾನಗಲ್ ಮುಟ್ಟುವವರೆಗೆ ಇಡೀ ವಾಹನ ಉದ್ಯಮಕ್ಕೇ ದೊಡ್ಡ ಉಪಕಾರ ಮಾಡಿದವನಂತೆ ಕೂತಿದ್ದೆ. ಅಕ್ಕ ಮಾತ್ರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಒಂದೇ ಮಾತು ಹೇಳಿದಳು: "ಒಂದು ಸೀಟ ತಿಂದಿ."

ಕೆಲವು ದಿನ ಹೀಗೇ ನಡೆಯಿತು. ಹೊಗಳಿಕೆ ಹೆಚ್ಚಾದಂತೆ ನನ್ನ ಅಳತೆ ತಪ್ಪಿತು. ಒಂದು ಮುಂಜಾನೆ ಮಾಸ್ತರರ ತಿರುವಿನವರೆಗೆ ತಡೆಯಲಾಗದೆ ನಮ್ಮ ಅಂಗಳದಲ್ಲೇ ಶುರುಮಾಡಿಬಿಟ್ಟೆ.

ಅಪ್ಪ ಪಡಸಾಲೆಯಿಂದ ಬರಿಗಾಲಲ್ಲಿ ಓಡಿಬಂದ. ಹೆಗಲ ಮೇಲೆ ಟವೆಲು, ತುಟಿಯ ಮೇಲೆ ಹಲ್ಲುಪುಡಿ. "ಯಾರೋ ಚಾಲೂ ಮಾಡಿದವ್ರು? ಎರಡನೇ ಗೇರಿಗೆ ಬಿತ್ತಲ್ಲೋ!" ಎಂದು ಒದರುತ್ತ, ಕಾರಿನ ಕಡೆ ತಿರುಗಿಯೂ ನೋಡದೆ, ನೇರ ಬೇವಿನ ಮರದ ಕೆಳಗೆ ಹೋದ. ಜೀಪಿನ ಬಾನೆಟ್ಟಿನ ಮೇಲೆ ಅಂಗೈ ಊರಿದ. ಒಳಗಿದ್ದ ಬೆಕ್ಕು ಜಿಗಿದು ಓಡಿತು. ಅಪ್ಪ ಅಂಗೈ ತೆಗೆಯಲಿಲ್ಲ. "ತಣ್ಣಗ ಐತಿ" ಎಂದ, ಯಾರಿಗೂ ಅಲ್ಲ.

ಆಮೇಲೆ ಮಸುಕುಗಣ್ಣು ಕಿರಿದು ಮಾಡಿ, ಕಿಟಕಿಯಿಂದ ಹೊರಗಿದ್ದ ನನ್ನ ತಲೆಯನ್ನು ಗುರುತು ಹಿಡಿದ. "ನೀನೇನೋ?"

"ಹೂಂ, ಅಪ್ಪಾ."

"ಕೆಮ್ಮು ಸರಿ ಬಂದೈತಿ" ಎಂದು ಹೇಳಿ, ಟವೆಲಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದ. ನನ್ನ ಕಲೆಗೆ ಅದಕ್ಕಿಂತ ದೊಡ್ಡ ಶಾಭಾಸ್ ಇನ್ನೂ ಸಿಕ್ಕಿಲ್ಲ. ಅದಕ್ಕಿಂತ ಹೆಚ್ಚಿನ ನಾಚಿಕೆಯೂ ಆಗಿಲ್ಲ.

ಅಕ್ಕ ಓಣಿಯ ತುದಿಯವರೆಗೆ ಹೋಗಿ ಕಾರು ನಿಲ್ಲಿಸಿದಳು. "ಇಳಿ."

"ಮಂದಿ ಬರೂದಿಲ್ಲಕ್ಕಾ. ಸಂತಿ ಸಮೀಪ ಬಂತು."

"ಬರಲಿಲ್ಲಂದ್ರ ಬ್ಯಾಡ. ನೀ ಮಂದೀನ್ನ ನನ್ನ ಗಾಡಿಗೆ ಕರಿಯಾಕತ್ತಿಲ್ಲೋ, ಅಪ್ಪನ ಜೀಪಿಗೆ ಹತ್ತಿಸಾಕತ್ತೀ. ಸತ್ತ ಗಾಡಿ ದನಿ ಹಾಕ್ಕೊಂಡು ನಾ ಯಾಕ ಓಡಾಡ್ಬೇಕು? ನನಗೇನ ಸ್ವಂತ ದನಿ ಇಲ್ಲೇನು?" ಕಾರಿಗೆ ಇಲ್ಲವಲ್ಲ ಎಂದು ಬಾಯಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿದೆ.

ಆ ದಿನ ಅವಳು ಮೂರೂ ಮನೆಗಳ ಮುಂದೆ ಇಳಿದು ಒಳಗೆ ಹೋದಳು. ಗೌರಜ್ಜಿಗೆ ಹೇಳಿದ್ದನ್ನು ಅಜ್ಜಿ ಆಮೇಲೆ ಪೇಟೆಯಲ್ಲಿ ಎಲೆ ಕೊಳ್ಳಲು ಬಂದವರಿಗೆಲ್ಲ ಒಪ್ಪಿಸಿದ್ದರಿಂದ ನನಗೆ ಬಾಯಿಪಾಠ: "ಅಜ್ಜಿ, ಹಾಲಿನ ಡೇರಿ ಬಾಗಲಾ ತಗಿಯೂ ಹೊತ್ತಿಗೆ ನಿಮ್ಮ ಮನಿ ಮುಂದ ಇರ್ತೇನಿ. ಹಾರ್ನ್ ಹೊಡಿಯಂಗಿಲ್ಲ, ಫೋನ್ ಮಾಡಂಗಿಲ್ಲ. ನೀವು ಒಂದು ಎಲಿ ಮಡಚಿ ಹಾಕ್ಕೊಳ್ಳೂ ಅಷ್ಟ ಹೊತ್ತ ನಿಂತು ಹೋಗ್ತೇನಿ. ಒಂದ ದಿನಾ ನಾ ತಪ್ಪಿದ್ರ, ಲೈನ್ ನಂದಲ್ಲ ಅಂತ ತಿಳಕೋರಿ."

ಮರುದಿನ ಅಕ್ಕ ಬಂದಳು, ನಿಂತಳು, ಹೋದಳು. ಮೂವರೂ ಒಳಗೇ ಇದ್ದರು. ಮಾಸ್ತರರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಓಡಿಬಂದಾಗ ಕಂಡದ್ದು ಕಾರಿನ ಬೆನ್ನು. ಗೌರಜ್ಜಿ ಬಸ್ಸು ಹಿಡಿದು ತಡವಾಗಿ ಹಾನಗಲ್ ಮುಟ್ಟುವಷ್ಟರಲ್ಲಿ ಎಲೆಯ ಪೆಂಡಿಗಳು ಬಸ್‌ಸ್ಟ್ಯಾಂಡಿನ ಬಿಸಿಲಿಗೆ ಬಾಡಿದ್ದವು. ನನ್ನ ಅಂಗಡಿಯ ಎದುರಿಗೇ ಅಕ್ಕನನ್ನು ಹಿಡಿದು ನಿಲ್ಲಿಸಿದಳು. "ಎಲಿ ಬಾಡಿಸಿದೆಲ್ಲವಾ! ನಿಮ್ಮಪ್ಪ ಎಂದರ ನನ್ನ ಬಿಟ್ಟು ಬಂದಿದ್ನೇನು?"

ಅಕ್ಕ ದನಿ ಏರಿಸಲಿಲ್ಲ. "ನಾ ಬಂದು ನಿಂತಿದ್ನಿ ಅಜ್ಜಿ. ನೀವು ಜೀಪಿನ ದಾರಿ ಕಾಯಾಕತ್ತಿದ್ರಿ."

ಅಜ್ಜಿ ಪೆಂಡಿ ಬಿಚ್ಚಿದಳು. ಬಾಡಿದ ಎಲೆಗಳಿಗೆ ನೀರು ಚಿಮುಕಿಸುತ್ತ ಕೂತಳು. ನಾನು ಫೋನಿನ ಗಾಜಿಗೆ ಹಾಳೆ ಅಂಟಿಸುವುದನ್ನು ಬಿಟ್ಟು, ಲೈನ್ ಹೋಯಿತು ಎಂದುಕೊಂಡೆ.

ಸಂತೆಯ ಮುಂಜಾನೆ ಅಪ್ಪ ಯಾರಿಗೂ ಹೇಳದೆ ದಾಡಿ ಮಾಡಿಕೊಂಡು, ಟೋಪಿ ಹಾಕಿಕೊಂಡು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತ. ಆ ಕಾರಿನಲ್ಲಿ ಅವನು ಕೂತದ್ದು ಅದೇ ಮೊದಲು. ಅಭ್ಯಾಸಬಲದಿಂದ ಎಡಗೈ ಬಾಗಿಲ ಕಡೆಯೇ ಗೇರಿನ ಕೋಲಿಗಾಗಿ ತಡಕಾಡಿತು. ಏನೂ ಸಿಗದೆ ತೊಡೆಯ ಮೇಲೆ ಬಂದು ಕೂತಿತು. ಬಾಯಿ ತೆರೆಯಬಾರದು ಎಂಬ ಕರಾರಿನ ಮೇಲೆ ನನಗೂ ಹಿಂದೆ ಜಾಗ ಸಿಕ್ಕಿತು. ಕಾರು ಹೊರಟಿತು. ಗಾಲಿಯ ಕೆಳಗೆ ಉಸುಕು ಚರಚರ ಎಂದದ್ದು ಬಿಟ್ಟರೆ ಒಂದು ಸದ್ದಿಲ್ಲ. ಆ ಮೌನದಲ್ಲಿ ನನ್ನ ಎದೆ ಬಡಿದುಕೊಳ್ಳುವುದೇ ಜೀಪಿನಂತೆ ಕೇಳುತ್ತಿತ್ತು.

ತಿರುವು ದಾಟಿದೆವು. ಮಾಸ್ತರರು ಬಾಗಿಲ ಹೊರಗೆ ನಿಂತಿದ್ದರು, ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ. ಮುಂದಿನ ಓಣಿಯಲ್ಲಿ ಸಿಸ್ಟರು ಬ್ಯಾಗು ಹೆಗಲಿಗೆ ಹಾಕಿ ನಿಂತಿದ್ದರು. ಡೇರಿಯ ಕಡೆಯಿಂದ ಹಾಲಿನ ಕ್ಯಾನುಗಳು ಕಣಕಣ ಅನ್ನುತ್ತಿದ್ದವು. ಊರ ಕಡೆಯ ಮನೆಯ ಮುಂದೆ, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಆಗಲೇ ಎಲೆ ಹಾಕಿಕೊಂಡು ತುಟಿ ಕೆಂಪಾದ ಗೌರಜ್ಜಿ. ಅವಳಿಗೆ ಜಾಗ ಮಾಡಿಕೊಡಲು ನಾನು ಕೆಳಗಿಳಿದು ಬಾಗಿಲು ಹಿಡಿದು ನಿಂತೆ. ಅಪ್ಪ ಕಿಟಕಿಯ ಗಾಜು ಇಳಿಸಿದ. ಜೀವನವಿಡೀ ಕಿವಿಯಿಂದ ಗಾಡಿ ನಡೆಸಿದವನು, ಸೋಲಲು ಮನಸ್ಸಿಲ್ಲದ ದನಿಯಲ್ಲಿ ಕೇಳಿದ: "ಅಲ್ಲಬೇ ಗೌರಜ್ಜಿ, ಗಾಡಿ ಕೇಳಲೇ ಇಲ್ಲ. ಹೆಂಗ ಬಂದು ನಿಂತಿ?"

ಅಜ್ಜಿ ಏನಂದಳು ಎಂಬುದನ್ನು ಹೇಳುವ ಮೊದಲು ಈ ಕಷಾಯ ಮುಗಿಸುತ್ತೇನೆ. ಮೈಕಿನ ಮುಂದೆ ನಿಂತವನ ಕೆಟ್ಟ ಚಟ ಇದು, ನಗು ಬರುವ ಹೊತ್ತಿಗೆ ನೀರು ಕುಡಿಯುವುದು. ಕುಡಿಯುತ್ತ ನೋಡುತ್ತಿದ್ದೇನೆ: ಅಂಗಳದಲ್ಲಿ ಅಪ್ಪ ಕಾರಿನ ಹಗ್ಗ ಬಿಚ್ಚುತ್ತಿದ್ದಾನೆ. ದಿನಾ ಸಂಜೆ ಕಟ್ಟುವವನೂ ಅವನೇ, ಮುಂಜಾನೆ ಬಿಚ್ಚುವವನೂ ಅವನೇ. ಬೇರೆಯವರು ಮುಟ್ಟಿದರೆ ಸಿಟ್ಟು. ಹೊರಡುವ ಮೊದಲು ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಇಡುತ್ತಾನೆ. ತಣ್ಣಗೇ ಇರುತ್ತದೆ, ಈಗ ಅದಕ್ಕೆ ಅವನ ತಕರಾರಿಲ್ಲ. ಹಿರೇಕೆರೂರಿನ ಮಾಲಕನಿಗೆ ಆ ಸಂತೆಯ ಸಂಜೆಯೇ "ಲೈನ್ ಖಾಲಿ ಇಲ್ರಿ" ಎಂದು ಹೇಳಿ ಕಳಿಸಿದ್ದ. 'ಗಾಡಿ ಕೇಳಾಕತ್ತೈತಿ' ಎಂಬ ಮಾತು ನಮ್ಮ ಓಣಿಗಳಿಂದ ಹೋಗೇಬಿಟ್ಟಿತು, ನನ್ನ ಮಿಮಿಕ್ರಿಯಲ್ಲಿ ಮಾತ್ರ ಉಳಿದಿದೆ. ಅದರ ಜಾಗಕ್ಕೆ ಬಂದ ಮಾತು ಕಂಪನಿಯದೂ ಅಲ್ಲ, ಗೌರಜ್ಜಿಯದೂ ಅಲ್ಲ, ಯಾರು ಶುರುಮಾಡಿದರೋ ಗೊತ್ತಿಲ್ಲ. ತಿಳವಳ್ಳಿಯ ತಾಯಂದಿರು ಈಗ ಮಕ್ಕಳನ್ನು ಎಬ್ಬಿಸುವುದು ಹೀಗೆ: "ಗಿರಿಜಕ್ಕನ ಹೊತ್ತಾತು, ಏಳ್ರಿ!" ಎಲ್ಲರ ದನಿ ತೆಗೆಯುವ ನನಗೆ ಈ ಮಾತನ್ನು ಮಾತ್ರ ತಮಾಷೆಯ ದನಿಯಲ್ಲಿ ಹೇಳಲು ಬಂದಿಲ್ಲ. ಅದಕ್ಕೆ ಕಷಾಯ ನಡೆಯುವುದಿಲ್ಲ.

ಹ್ಞಾಂ, ಗೌರಜ್ಜಿ. ಅವಳು ಬಾಯೊಳಗಿನ ಎಲೆಯನ್ನು ಒಂದು ದವಡೆಗೆ ಸರಿಸಿದಳು. ಕಿಟಕಿಯೊಳಗೆ ಬಗ್ಗಿ ಖಾಲಿ ಬುಟ್ಟಿಯನ್ನು ಅಪ್ಪನ ತೊಡೆಯ ಮೇಲೆ ಇಟ್ಟಳು. ಆಮೇಲೆ ಅಂದಳು:

"ಹೊತ್ತೇನ ಧಡಧಡ ಅನಕೋಂತ ಹುಟ್ಟತೈತೇನೋ ತಮ್ಮಾ? ಅದೂ ಸುಮ್ಮನ ಬರ್ತೈತಿ, ನಿನ್ನ ಮಗಳೂ ಸುಮ್ಮನ ಬರ್ತಾಳ. ಮಾತ ಸಾಕು, ಬುಟ್ಟಿ ಹಿಡಿ."